ಚೀನೀಯರೂ ಪಾಶ್ಚಾತ್ಯರೂ ಒಂದೇ ಕಾರಖಾನೆಯಲ್ಲಿ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ, ಕಟ್ಟಡ ನಿಧಿ ಮೊದಲಾದವುಗಳನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ನಿವೇದಿಸಿಯಾಗಿದೆ. ನಾನು ದೂರದೇಶದ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇನೆ. ಚೀನೀಯರೂ ಪಾಶ್ಚಾತ್ಯರೂ ಒಂದೇ ಸೂರಿನಡಿ ಕೂಡಿ ದುಡಿಯಬೇಕಾಗಿ ಬಂದಾಗ ಒಬ್ಬರ ರೀತಿನೀತಿಗಳನ್ನು ಇನ್ನೊಬ್ಬರಿಗೆ ಕಲಿಸಿಕೊಡುವುದು ಹೇಗೆ ಎಂಬುದೇ ಆ ವಿಷಯ. ಇದಕ್ಕೆಂದೇ ಈಗ ತರಬೇತುದಾರರಿದ್ದಾರೆ, ತರಗತಿಗಳು ನಡೆಯುತ್ತವೆ. ನಮ್ಮ ಶಾಲೆಯಿಂದ ಹೊರಟ ಹುಡುಗ ಹುಡುಗಿಯರು ನಾಳೆ ಎಂತೆಂತಹ ಜನರ ನಡುವೆ ಅನ್ನ ಸಂಪಾದಿಸಬೇಕಾಗುವುದೋ ಬಲ್ಲವರಾರು?

ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ, ಡೇಟನ್ ನಗರಕ್ಕೆ ಹೊಂದಿಕೊಂಡು ಮೊರೇನ್ ಎಂಬ ಊರಿದೆ. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರಖಾನೆ 2008ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಅದನ್ನೇ ನಂಬಿದ್ದ ಸಂಸಾರಗಳು ದಿಕ್ಕುಗೆಟ್ಟವು. 2014ರಲ್ಲಿ ಚೀನದ ಫುಯಾವೊ ಎಂಬ ಸಂಸ್ಥೆ ಆ ಕಟ್ಟಡವನ್ನು ಕೊಂಡು, ಮೋಟಾರು ಗಾಡಿಗಳ ಗಾಜನ್ನು ತಯಾರಿಸತೊಡಗಿತು. ಗಾಜಿನ ಕೆಲಸವನ್ನು ಕಲಿಸಲು ಫುಜಿಯಾನ್ ಪ್ರಾಂತದಿಂದ ನೂರಾರು ಮಂದಿ ಚೀನೀ ಕುಶಲಕರ್ಮಿಗಳು ಹೆಂಡಿರು ಮಕ್ಕಳನ್ನು ಬಿಟ್ಟು ಬಂದರು. ಇವರೆಲ್ಲರ ಕಥೆಯನ್ನು ‘ಅಮೆರಿಕನ್ ಫ್ಯಾಕ್ಟರಿ’ ಎಂಬ ಸಾಕ್ಷ್ಯಚಿತ್ರ 2019ರಲ್ಲಿ ಲೋಕಕ್ಕೆ ತೋರಿಸಿತು. 2020ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು.

ಆ ಚಿತ್ರದಲ್ಲಿ ಒಂದು ತರಗತಿಯ ದೃಶ್ಯವಿದೆ. ಚೀನೀ ಕೆಲಸಗಾರರು ಶಾಲಾ ಮಕ್ಕಳಂತೆ ಕುಳಿತಿದ್ದಾರೆ. ಅಮೆರಿಕದವರ ಸ್ವಭಾವವೇನೆಂದು ಅವರದೇ ದೇಶದ ಉಪಾಧ್ಯಾಯರು ತಿಳಿಸುತ್ತಾರೆ. ಅವರು ಮನಸ್ಸಿನಲ್ಲಿದ್ದುದನ್ನು ನೇರವಾಗಿ ಆಡಿಬಿಡುತ್ತಾರೆ, ಅಲ್ಲಿ ರಾಷ್ಟ್ರಾಧ್ಯಕ್ಷರನ್ನು ಕುರಿತು ನಗೆಯಾಡಿದರೂ ಕೇಳುವವರಿಲ್ಲ, ಎಂಬಿತ್ಯಾದಿ. ಕೇಳುತ್ತಿದ್ದವರ ಮುಖದ ಮೇಲಿನ ಬೆರಗನ್ನು ನೋಡಿಯೇ ತಿಳಿಯಬೇಕು.

ಈ ನೇರನುಡಿ ಎಂಬುದು ಚೀನೀಯರಿಗೆ ಏಕೆ ಕಷ್ಟ? ಅವರಲ್ಲಿ ‘ಮ್ಯೆನ್‌ತ್ಸ’ ಎಂಬ ಮಾತುಂಟು. ಅಕ್ಷರಶಃ ಮುಖ ಎಂದೇ ಅರ್ಥ. ನಾಲ್ಕು ಜನರ ಮುಂದೆ ಒಬ್ಬನ ತಪ್ಪನ್ನು ಎತ್ತಿ ಆಡಿದರೆ ಅವನ ಮುಖ ಹೋಯಿತು; ಆಡಿದವನಿಗೂ ಅದು ಶೋಭೆಯಲ್ಲ. ಇದನ್ನು ಪಾಶ್ಚಾತ್ಯರಿಗೆ ತಿಳಿಸಲು ಪುಟಗಟ್ಟಲೆ ವಿವರಣೆ ಬೇಕು. ‘ಅವನ ಮುಖ ಮುರಿದಂತಾಯಿತು’ ಎಂದು ಆಡುವ ನಮಗೆ ಒಂದು ಮಾತು ಸಾಕು. ಹಾಗೆಯೇ ಚೀನದ ಅಧಿಕಾರಿಯೊಬ್ಬ ‘ಈ ವಿಚಾರವನ್ನು ಪರಿಶೀಲಿಸೋಣ’ ಎಂದಾಗ ಪಾಶ್ಚಾತ್ಯನು ಅದನ್ನು ದಿನಚರಿಯಲ್ಲಿ ಬರೆದುಕೊಂಡು ಉತ್ತರಕ್ಕಾಗಿ ಕಾಯುತ್ತಾನೆ. ಅದು ಅನೇಕ ವೇಳೆ ಸಭ್ಯವಾದ ‘ಇಲ್ಲ’. ಸಾಲ ಕೇಳಹೋದಾಗ ‘ನೋಡೋಣ’ ಎಂಬ ಉತ್ತರವನ್ನು ಪಡೆದು ಬಂದ ಪೋಷಕರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ! ಹಳೆಯ ತಲೆಯ ಚೀನೀಯರು ದಾರಿಯಲ್ಲಿ ಸಿಕ್ಕಿದರೆ ‘ಊಟವಾಯಿತೆ?’ ಎಂದೇ ಕೇಳುತ್ತಾರೆ. ಅದು ಆಮಂತ್ರಣವಲ್ಲ, ಕುಶಲ ಪ್ರಶ್ನೆ. ಹೊಸಬನಾದ ಪಾಶ್ಚಾತ್ಯನು ‘ಇಲ್ಲ’ ಎಂದು ಉತ್ತರಿಸಿ ಊಟದ ಕರೆಯನ್ನು ನಿರೀಕ್ಷಿಸಿದರೆ ಅದು ಅವನ ದೋಷವಲ್ಲ.

ಇಲ್ಲಿ ನನ್ನದೊಂದು ಆಕ್ಷೇಪವಿದೆ. ‘ಚೀನೀಯರು ಹೀಗೆ, ಅಮೆರಿಕದವರು ಹಾಗೆ’ ಎಂದು ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಶಿಕ್ಷಣದ ಅರ್ಧಭಾಗ ಮಾತ್ರ. ಪಟ್ಟಿಯನ್ನು ಕಲಿತವನು ಎದುರಿಗಿರುವ ಮನುಷ್ಯನನ್ನು ಬಿಟ್ಟು ಪಟ್ಟಿಯನ್ನೇ ನೋಡತೊಡಗುತ್ತಾನೆ. ಅದೇ ಕಾರಖಾನೆಯ ಅಮೆರಿಕದ ಮೇಲ್ವಿಚಾರಕರು ಕೆಲವರು ಚೀನಕ್ಕೆ ಹೋಗಿ, ಕೆಲಸಗಾರರು ಸಿಪಾಯಿಗಳಂತೆ ಸಾಲುಗಟ್ಟಿ ನಿಂತು ಹಾಜರಿ ಹೇಳುವುದನ್ನು ಕಂಡು ಬಂದರು. ಬಂದವರಲ್ಲೊಬ್ಬನು ತನ್ನವರನ್ನೂ ಹಾಗೆ ನಿಲ್ಲಿಸಲು ನೋಡಿದ, ಅದು ಹತ್ತಲಿಲ್ಲ. ಆದರೆ ಕುಲುಮೆಯ ಬಳಿ ದುಡಿಯುವ ಇನ್ನೊಬ್ಬ ಅಮೆರಿಕದವನು ತನ್ನ ಚೀನೀ ಜೊತೆಗಾರರನ್ನು ಹಬ್ಬದ ದಿನ ಮನೆಗೆ ಕರೆದು ಉಣಬಡಿಸಿದ. ತನ್ನ ಮೋಟಾರು ಸೈಕಲನ್ನೂ ಹತ್ತಿಸಿದ. ತರಗತಿಯ ಉಪಾಧ್ಯಾಯರು ಕಲಿಸಲಾರದುದನ್ನು ಆ ಊಟ ಕಲಿಸಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಎಲ್ಲ ಜಗಳವೂ ಸಂಸ್ಕೃತಿಯ ಜಗಳವಲ್ಲ. ಹಿಂದಿನ ಕಂಪನಿಯಲ್ಲಿ ಗಂಟೆಗೆ 29 ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದ ಹೆಂಗಸೊಬ್ಬಳು ಈಗ ತನಗೆ 12 ಡಾಲರು 84 ಸೆಂಟು ದೊರೆಯುತ್ತಿದೆಯೆಂದು ಆ ಚಿತ್ರದಲ್ಲಿ ಹೇಳುತ್ತಾಳೆ. 2017ರ ನವೆಂಬರಿನಲ್ಲಿ ಕಾರ್ಮಿಕ ಸಂಘ ಬೇಕೇ ಬೇಡವೇ ಎಂದು ಮತ ಹಾಕಿದಾಗ ಬೇಕೆಂದವರು 444, ಬೇಡವೆಂದವರು 868. ಕೂಲಿಯ ಪ್ರಶ್ನೆಗೆ, ಕೈಕಾಲಿನ ರಕ್ಷಣೆಯ ಪ್ರಶ್ನೆಗೆ ನಡೆನುಡಿಯ ಪಾಠ ಉತ್ತರವಾಗಲಾರದು. ಯಜಮಾನರು ಅದನ್ನು ಉತ್ತರವೆಂದು ಮುಂದಿಟ್ಟರೆ ಕೆಲಸಗಾರನು ಯಾವ ಭಾಷೆಯವನಾದರೂ ಒಪ್ಪತಕ್ಕದ್ದಲ್ಲ.

ಹಾಗಾದರೆ ಕೂಡಿ ದುಡಿಯುವ ಬಗೆ ಯಾವುದು? ನಾನೂರು ವರ್ಷಗಳ ಹಿಂದಿನ ಒಂದು ಜೋಡಿಯನ್ನು ನೆನೆಯುತ್ತೇನೆ. ಇಟಲಿಯ ಪಾದ್ರಿ ಮತ್ತೇಯೊ ರಿಚ್ಚಿ 1583ರಲ್ಲಿ ಜಾವೊಚಿಂಗ್ ಪಟ್ಟಣದಲ್ಲಿ ನೆಲೆಸಿದಾಗ ತಲೆ ಬೋಳಿಸಿ ಬೌದ್ಧ ಭಿಕ್ಷುವಿನ ಉಡುಪನ್ನು ತೊಟ್ಟಿದ್ದನು. ಅಲ್ಲಿಯ ವಿದ್ವಾಂಸರು ಗೌರವಿಸುವುದು ಆ ಉಡುಪನ್ನಲ್ಲವೆಂದು ಕ್ರಮೇಣ ಕಂಡುಕೊಂಡು, 1595ರಲ್ಲಿ ಗಡ್ಡ ಬಿಟ್ಟು ಪಂಡಿತರ ನಿಲುವಂಗಿಯನ್ನು ಧರಿಸಿದನು. ಅದೇ ವರ್ಷ ಸ್ನೇಹವನ್ನು ಕುರಿತು ಚೀನೀ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಮುಂದೆ ಬೀಜಿಂಗಿನಲ್ಲಿ ಷೂ ಗುವಾಂಗ್‌ಚಿ ಎಂಬ ವಿದ್ವಾಂಸನ ಜೊತೆಗೂಡಿ ಯೂಕ್ಲಿಡನ ರೇಖಾಗಣಿತವನ್ನು ಚೀನೀ ಭಾಷೆಗೆ ತಂದನು. ರಿಚ್ಚಿ ಬಾಯಲ್ಲಿ ಹೇಳುವನು, ಷೂ ಬರೆಯುವನು. ಸರಿಯಾದ ಶಬ್ದ ದೊರೆಯುವ ತನಕ ಇಬ್ಬರೂ ತಿದ್ದುವರು. ಇಲ್ಲಿ ಗುರು ಯಾರು, ಶಿಷ್ಯ ಯಾರು? ಗಣಿತದಲ್ಲಿ ಒಬ್ಬ, ಭಾಷೆಯಲ್ಲಿ ಇನ್ನೊಬ್ಬ. ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಆಡಿ ಬದುಕುವ ಗಡಿನಾಡಿನ ನಮ್ಮ ಮಕ್ಕಳಿಗೆ ಈ ಅದಲುಬದಲು ಹೊಸದೇನೂ ಅಲ್ಲ.

ಮೊದಲ ಆರು ಅಧ್ಯಾಯಗಳು 1607ರಲ್ಲಿ ಅಚ್ಚಾದವು. ರೇಖಾಗಣಿತಕ್ಕೆ ಆ ಪುಸ್ತಕದಿಂದ ಬಂದ ‘ಜಿಹೆ’ ಎಂಬ ಹೆಸರನ್ನೇ ಚೀನೀ ಮಕ್ಕಳು ಇಂದಿಗೂ ಕಲಿಯುತ್ತಾರೆ. ಅಷ್ಟರಲ್ಲಿ ತಂದೆ ತೀರಿಕೊಂಡುದರಿಂದ ಷೂ ತನ್ನ ಊರಾದ ಶಾಂಘಾಯಿಗೆ ತೆರಳಿದನು. 1610ರಲ್ಲಿ ರಿಚ್ಚಿಯೂ ಕಾಲವಶನಾದನು. ಉಳಿದ ಒಂಬತ್ತು ಅಧ್ಯಾಯಗಳು ಸುಮಾರು ಇನ್ನೂರೈವತ್ತು ವರ್ಷ ಕಾದವು. 1850ರ ದಶಕದಲ್ಲಿ ಅದೇ ಶಾಂಘಾಯಿಯಲ್ಲಿ ಅವುಗಳನ್ನು ಮುಗಿಸಿದವರೂ ಇಬ್ಬರೇ: ಲಿ ಶಾನ್‌ಲಾನ್ ಎಂಬ ಚೀನೀ ಗಣಿತಜ್ಞ, ಅಲೆಕ್ಸಾಂಡರ್ ವೈಲಿ ಎಂಬ ಇಂಗ್ಲಿಷರವನು. ಆಗಲೂ ಒಬ್ಬನು ಹೇಳಿದನು, ಇನ್ನೊಬ್ಬನು ಬರೆದನು.