ಭೂವ್ಯವಹಾರದ ವೃತ್ತಿ ಮತ್ತು ಪತ್ರಗಳ ಓದು

(ಅನ್ನೂರಿನಲ್ಲಿ ನೆರೆದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ದಿನ ನಮಗೆ ಗೊತ್ತುಮಾಡಿರುವ ವಿಷಯ ಭೂವ್ಯವಹಾರದ ವೃತ್ತಿ. ಪಾಠ ಹೇಳುವವರಿಗೂ ಹೊಲಮನೆಗಳ ಕ್ರಯವಿಕ್ರಯಕ್ಕೂ ಎಲ್ಲಿಯ ನಂಟು ಎಂದು ತಮ್ಮಲ್ಲಿ ಕೆಲವರು ನಗಬಹುದು. ನಂಟು ಬಂದುದು ನಮ್ಮದೊಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇವೆ.

ಅನ್ನೂರಿನ ಸುತ್ತಣ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಒಕ್ಕಲಿಗ ಕುಟುಂಬಗಳೂ ದೇವಾಂಗ ಕುಟುಂಬಗಳೂ ಬಹುಕಾಲದಿಂದ ನೆಲೆಸಿವೆ. ಹಿಂದೆ ಅವಿನಾಶಿ ತಾಲ್ಲೂಕಿನ ಒಂದು ಊರಾಗಿದ್ದ ಅನ್ನೂರು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೂ, ಅಲ್ಲಿಂದ ದಿಂಬದ ಘಟ್ಟವನ್ನೇರಿ ಚಾಮರಾಜನಗರ ಕೊಳ್ಳೇಗಾಲಗಳಿಗೂ ಹೋಗುವ ಹೆದ್ದಾರಿ ಈ ಊರನ್ನು ಹಾದುಹೋಗುತ್ತದೆ. 2024ರ ಆಗಸ್ಟಿನಲ್ಲಿ ಅತ್ತಿಕ್ಕಡವು–ಅವಿನಾಶಿ ಯೋಜನೆ ಉದ್ಘಾಟನೆಯಾಗಿ, ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ಭವಾನಿಯ ನೀರನ್ನು ಹರಿಸುವ ಏರ್ಪಾಡಾಯಿತು. ನೀರು ಬರುವ ನೆಲಕ್ಕೆ ಬೆಲೆಯೂ ಬರುತ್ತದೆ. ಬೆಲೆ ಬಂದಲ್ಲಿ ಮಧ್ಯವರ್ತಿಯೂ ಬರುತ್ತಾನೆ. ಮಗ್ಗದ ಕೆಲಸ ಸೊರಗಿದ ಮನೆಗಳ ತರುಣರು ಇಂದು ಕಂಕುಳಲ್ಲಿ ಕಾಗದದ ಚೀಲವನ್ನಿಟ್ಟುಕೊಂಡು ದ್ವಿಚಕ್ರವಾಹನದಲ್ಲಿ ನಿವೇಶನ ತೋರಿಸುತ್ತ ತಿರುಗುವುದನ್ನು ನಾವು ಕಾಣುತ್ತಿದ್ದೇವೆ. ಅವರಲ್ಲಿ ಹಲವರು ನಮ್ಮ ಶಿಷ್ಯರೇ. ಈ ವೃತ್ತಿ ಕೀಳೆಂದು ನಾವು ಹೇಳುವುದಿಲ್ಲ.

ಈಗ ನಮ್ಮ ತಪ್ಪಿನ ಸಂಗತಿ. ಶಾಲೆಯ ಮಕ್ಕಳಿಗೆ ಆಟದ ಬಯಲಿಲ್ಲವೆಂದು ಕೆಲವು ವರ್ಷಗಳ ಕೆಳಗೆ ಸಂಘದವರು ಪಕ್ಕದ ನಲವತ್ತು ಸೆಂಟು ಭೂಮಿಯನ್ನು ಕೊಳ್ಳಲು ನಿಶ್ಚಯಿಸಿದರು. ಪೋಷಕರು ನೂರು ಇನ್ನೂರರಂತೆ ಹಾಕಿದ ಹಣ ಅದು. ವ್ಯವಹಾರವನ್ನು ಕುದುರಿಸಿದವನು ನಮ್ಮಲ್ಲಿಯೇ ಓದಿದ ಹುಡುಗ. ಪಟ್ಟಾ ಮಾರುವವರ ಹೆಸರಿನಲ್ಲಿದ್ದಿತು. ವಿಲ್ಲಂಗವನ್ನು, ಎಂದರೆ ಋಣಭಾರದ ಪ್ರಮಾಣಪತ್ರವನ್ನು, ತೆಗೆಸಿದೆವು, ಸಾಲವೇನೂ ಕಾಣಲಿಲ್ಲ. ಸಂಘದ ಪರವಾಗಿ ನಾವೇ ಕರಾರಿಗೆ ಸಹಿ ಮಾಡಿ ಎರಡು ಲಕ್ಷ ರೂಪಾಯಿ ಮುಂಗಡ ಕೊಟ್ಟೆವು. ಕರಾರನ್ನು ನೋಂದಣಿಯೂ ಮಾಡಿಸಲಿಲ್ಲ. ಹದಿನೈದು ದಿನಗಳೊಳಗೆ ಕೊಳ್ಳೇಗಾಲದ ಕಡೆಗೆ ಮದುವೆಯಾಗಿ ಹೋಗಿದ್ದ ಮಾರಾಟಗಾರರ ಅಕ್ಕ ಬಂದು ಶಾಲೆಯ ಜಗಲಿಯ ಮೇಲೆ ಕುಳಿತರು. "ಮೇಷ್ಟ್ರೇ, ಅದು ನಮ್ಮ ಅಪ್ಪನ ಭೂಮಿ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ" ಎಂದರು. ಆಕೆಯ ಮಾತು ಸತ್ಯವಾಗಿದ್ದಿತು. ತಂದೆ ಮರಣಶಾಸನ ಬರೆಯದೆ ತೀರಿಕೊಂಡಿದ್ದರು, ಭಾಗವೂ ಆಗಿರಲಿಲ್ಲ. ಆ ಬಯಲು ನಮಗೆ ದಕ್ಕಲಿಲ್ಲ. ಮುಂಗಡ ಕಂತುಕಂತಾಗಿ ಹಿಂದಿರುಗುವುದಕ್ಕೆ ಎರಡು ವರ್ಷ ಹಿಡಿಯಿತು.

ಹುಡುಗ ಮೋಸಗಾರನಲ್ಲ. ದರವನ್ನು ಬಲ್ಲ, ದಾರಿಯನ್ನು ಬಲ್ಲ, ನಯವಾಗಿ ಮಾತನಾಡಬಲ್ಲ. ಪತ್ರವನ್ನು ಓದಲು ಮಾತ್ರ ತಿಳಿಯದು. ಹತ್ತು ವರ್ಷ ಅವನಿಗೆ ಪಾಠ ಹೇಳಿದ ನಾವು ರಜಾ ಅರ್ಜಿ ಬರೆಯುವುದನ್ನು ಕಲಿಸಿದ್ದೆವು. ಒಂದು ಕ್ರಯಪತ್ರವನ್ನು ಕೈಗೆ ಕೊಟ್ಟು ಓದಿಸಿರಲಿಲ್ಲ. ಬಿ.ಎ., ಬಿ.ಟಿ. ಎಂದು ಹೆಸರಿನ ಮುಂದೆ ಬರೆದುಕೊಳ್ಳುವ ನಾವೂ ಆ ತಮಿಳು ಕರಾರನ್ನು ಕೊನೆಯ ತನಕ ಓದದೆಯೇ ರುಜು ಹಾಕಿದ್ದೆವೆಂಬುದನ್ನು ಇಲ್ಲಿ ಮುಚ್ಚಿಡುವುದೇಕೆ?

ಪಟ್ಟಾ ಎಂಬುದು ಕಂದಾಯದ ದಾಖಲೆ. ಅದೊಂದರಿಂದಲೇ ಸ್ವಾಮ್ಯ ಸಿದ್ಧವಾಗದು. ವಿಲ್ಲಂಗದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ವಾರಸಿನಿಂದ ಬಂದ ಹಕ್ಕು, ನೋಂದಣಿಯಾಗದ ಮರಣಶಾಸನ, ಪಂಚಾಯಿತಿಯ ಕಟ್ಟೆಯ ಮೇಲೆ ಬಾಯಿಮಾತಿನಲ್ಲಿ ಆದ ಭಾಗ, ಇವು ಯಾವುವೂ ಅದರಲ್ಲಿ ಮೂಡುವುದಿಲ್ಲ. ಆದುದರಿಂದ ಮೂಲಪತ್ರವನ್ನು ಕೇಳಬೇಕು. ಅದರ ಹಿಂದಿನದನ್ನು, ಅದರ ಹಿಂದಿನದನ್ನು, ಮೂವತ್ತು ವರ್ಷಗಳಿಗೆ ಕಡಿಮೆಯಿಲ್ಲದಂತೆ ಕೇಳುತ್ತ ಹೋಗಬೇಕು. ಅಷ್ಟಾದ ಮೇಲೆ ಆ ಮನೆಯ ವಂಶವೃಕ್ಷವನ್ನು ಬರೆದು ನೋಡಬೇಕು. ಹೆಣ್ಣುಮಕ್ಕಳೆಲ್ಲಿ ಎಂದು ಕೇಳುವುದಕ್ಕೆ ಸಂಕೋಚಪಡುವವನಿಗೆ ಈ ವೃತ್ತಿ ಸಲ್ಲದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ತಂದೆಯ ಸ್ವತ್ತಿನಲ್ಲಿ ಮಗಳಿಗೆ ಪಾಲುಂಟು. ಪಿತ್ರಾರ್ಜಿತದಲ್ಲಿ ಸಮಪಾಲನ್ನು ತಮಿಳುನಾಡಿನ ತಿದ್ದುಪಡಿ 1989ರಿಂದ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕೊಟ್ಟಿತು. ಕೇಂದ್ರದ ಕಾಯಿದೆ 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ಅರಿಸಿನ ಕುಂಕುಮ ಕೊಟ್ಟು ಕಳುಹಿಸಿಯಾಯಿತು ಎಂಬ ಮಾತು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯದು.

ಗಡಿನಾಡಿನವರಾದ ನಮಗೆ ಮತ್ತೊಂದು ತೊಡಕುಂಟು. 1956ರ ನವೆಂಬರ್ 1ರ ವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಗಡಿ ಬೇರೆಯಾಯಿತು, ಕೊಟ್ಟುತರುವ ನೆಂಟಸ್ತನ ಬೇರೆಯಾಗಲಿಲ್ಲ. ಅಲ್ಲಿಯವರು ಪಹಣಿ, ಖಾತೆ ಎನ್ನುತ್ತಾರೆ. ಇಲ್ಲಿ ಅಡಂಗಲ್, ಚಿಟ್ಟಾ, ಪಟ್ಟಾ. ಅಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ. ಇಲ್ಲಿ ನೂರು ಸೆಂಟಿಗೆ ಒಂದು ಎಕರೆ. ಎಂದರೆ ಗುಂಟೆಗೆ ಎರಡೂವರೆ ಸೆಂಟು. ಪಟ್ಟಾದಲ್ಲಿಯೋ ಎಕರೆಯೂ ಇಲ್ಲ, ಸೆಂಟೂ ಇಲ್ಲ: ಹೆಕ್ಟೇರು, ಆರ್. 0.81 ಎಂದು ಕಂಡರೆ ಅದು ಎಂಬತ್ತೊಂದು ಸೆಂಟಲ್ಲ, ಎರಡು ಎಕರೆ! ಇದನ್ನು ತಿಳಿಯದೆ ಅಣ್ಣತಮ್ಮಂದಿರು ಜಗಳವಾಡಿದ್ದನ್ನು ಕಂಡಿದ್ದೇವೆ. ಮನೆಯಲ್ಲಿ ಕನ್ನಡವನ್ನಾಡಿರಿ, ಶಾಲೆಯಲ್ಲಿ ಕನ್ನಡವನ್ನೋದಿರಿ. ಆದರೆ ನಿಮ್ಮ ಭೂಮಿಯ ಪತ್ರ ತಮಿಳಿನಲ್ಲಿದೆ. ಆ ತಮಿಳು ಸಂತೆಯ ತಮಿಳಲ್ಲ. ಪತ್ರದ ತಮಿಳನ್ನು ಪ್ರತ್ಯೇಕವಾಗಿ ಕಲಿಯಬೇಕು. ಅದರಿಂದ ಕನ್ನಡಕ್ಕೆ ಯಾವ ಕುಂದೂ ಬಾರದು.

ವೃತ್ತಿಯನ್ನು ಆರಂಭಿಸುವುದು ಹೇಗೆ ಎಂದು ಕೆಲವರು ಕೇಳಿದ್ದೀರಿ. ಮೊದಲ ವರ್ಷ ಏನನ್ನೂ ಮಾರಿಸಬೇಡಿರಿ ಎಂದರೆ ನೀವು ಒಪ್ಪಲಾರಿರಿ, ಹೊಟ್ಟೆ ಕೇಳಬೇಕಲ್ಲ! ಆದರೂ ಅರ್ಧ ದಿನವನ್ನಾದರೂ ನಂಬಿಗಸ್ತ ಪತ್ರಬರಹಗಾರರ ಬಳಿ ಕುಳಿತು ಕಳೆಯಿರಿ. ಸರ್ವೆಯವನು ಅಳೆಯಲು ಹೊರಟಾಗ ಸರಪಣಿಯ ಇನ್ನೊಂದು ತುದಿಯನ್ನು ಹಿಡಿಯಿರಿ. ಪತ್ರದ ಚಕ್ಕುಬಂದಿಗೂ ನೆಲದ ಮೇಲಿನ ಬೇಲಿಗೂ ಎಷ್ಟು ಅಂತರವೆಂಬುದು ಆಗ ತಿಳಿಯುತ್ತದೆ. ದಾರಿ ಇದೆಯೇ, ಅದು ಯಾರ ದಾರಿ, ಬಾವಿಯ ನೀರಿನಲ್ಲಿ ಯಾರಿಗೆ ಎಷ್ಟು ಸರದಿ, ಇವನ್ನು ನೆರೆಯವರಿಂದ ಕೇಳಿರಿ. ದೇವಸ್ಥಾನದ ಇನಾಮು ನೆಲವನ್ನೂ, ದಲಿತರಿಗೆ ಬ್ರಿಟಿಷರ ಕಾಲದಲ್ಲಿ ಕೊಟ್ಟ ಪಂಚಮಿ ಭೂಮಿಯನ್ನೂ ದಲ್ಲಾಳಿಯ ಕೈ ಮುಟ್ಟಬಾರದು.

ಬಡಾವಣೆಯ ನಿವೇಶನಗಳನ್ನು ಮಾರಿಸುವುದಾದರೆ 2016ರ ರೇರಾ ಕಾಯಿದೆಯಂತೆ ಮಧ್ಯವರ್ತಿಯೂ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿಯಾಗದ ಯೋಜನೆಯನ್ನು ಮಾರಿಸಬಾರದು. ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಯನ್ನು ಮದ್ರಾಸ್ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ತಡೆದಾಗ, ಬಣ್ಣದ ಕಲ್ಲು ನೆಟ್ಟು ಹೊಲಗಳನ್ನು ಹಂಚಿದವರ ಮಾತನ್ನು ನಂಬಿದ ಎಷ್ಟು ಮಂದಿ ಕೈಕಟ್ಟಿ ಕುಳಿತರೆಂಬುದನ್ನು ತಾವು ಬಲ್ಲಿರಿ. ಪವರ್ ಪತ್ರವೊಂದರಿಂದಲೇ ಸ್ವತ್ತು ಕೈಬದಲಾಗದೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಭೂಮಿಯ ಮುಂಗಡವನ್ನು ಇಪ್ಪತ್ತು ಸಾವಿರವಾಗಲಿ ಅದಕ್ಕೆ ಮೇಲಾಗಲಿ ನಗದಾಗಿ ಪಡೆಯಕೂಡದೆಂಬುದು ಆದಾಯ ತೆರಿಗೆಯ ನಿಯಮ. ಇದನ್ನು ಮರೆಯುವವರು ಹೆಚ್ಚಾಗಿ ತಿಳಿದವರೇ.

ದಲ್ಲಾಳಿಯ ಹಣದ ವಿಷಯ. ನೂರಕ್ಕೆ ಒಂದೋ ಎರಡೋ, ಮೊದಲೇ ಬರೆದು ಒಪ್ಪಿಸಿಕೊಳ್ಳಿರಿ. ಮಾರುವವನಿಗೆ ಒಂದು ದರ, ಕೊಳ್ಳುವವನಿಗೆ ಇನ್ನೊಂದು ದರ ಹೇಳಿ ನಡುವಿನದನ್ನು ನುಂಗುವ ಪದ್ಧತಿ ಈ ಸೀಮೆಯಲ್ಲಿ ಬೇರೂರಿದೆ. ಅದನ್ನು ಜಾಣತನವೆಂದು ನಮ್ಮೆದುರಿಗೇ ಹೇಳಿಕೊಂಡ ಶಿಷ್ಯರಿದ್ದಾರೆ. ಅವರಿಗೆ ನಾವು ಅಂದು ಚಹಾ ಕೊಡಿಸಲಿಲ್ಲ.

2022ರಲ್ಲಿ ಅನ್ನೂರು, ಮೇಟ್ಟುಪಾಳ್ಯಂ ತಾಲ್ಲೂಕುಗಳ ಸುಮಾರು 3,860 ಎಕರೆ ಭೂಮಿಯನ್ನು ಕೈಗಾರಿಕಾ ಉದ್ಯಾನಕ್ಕೆ ತೆಗೆದುಕೊಳ್ಳುವ ಮಾತೆದ್ದಿತು. ರೈತರು ಬೀದಿಗಿಳಿದರು. ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರ, ಕಂಪೆನಿಯ ವಶದಲ್ಲಿದ್ದ ಸುಮಾರು 1,630 ಎಕರೆಯನ್ನು ಮಾತ್ರ ಬಳಸುವುದಾಗಿಯೂ, ಒಪ್ಪದ ರೈತರ ಭೂಮಿಯನ್ನು ತೆಗೆದುಕೊಳ್ಳುವುದಿಲ್ಲವೆಂದೂ ಹೇಳಿತು. ಅಂತಹ ದಿನಗಳಲ್ಲಿ ರೈತನ ಜಗಲಿಗೆ ಹೋಗಿ, "ಈಗ ಕೊಟ್ಟರೆ ಇಷ್ಟಾದರೂ ಸಿಕ್ಕೀತು, ಆಮೇಲೆ ಏನೂ ಸಿಗದು" ಎಂದು ಹೆದರಿಸುವುದು ದಲ್ಲಾಳಿಗೆ ಬಲು ಸುಲಭ. ನಮ್ಮ ಶಾಲೆಯ ಹುಡುಗರು ಆ ಜಗಲಿಯಲ್ಲಿ ಕುಳಿತರೆ ಯಾವ ಮಾತನ್ನಾಡುವರೆಂಬ ಚಿಂತೆಯಿಂದಲೇ ನಾವು ಈ ವಿಷಯವನ್ನು ಒಪ್ಪಿಕೊಂಡೆವು.

ಸಂಘದವರು ಒಂದು ಅನುಕೂಲವನ್ನು ಕಲ್ಪಿಸಿದ್ದಾರೆ. ಬರುವ ಜೂನ್‌ನಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಶಾಲೆಯಲ್ಲಿ ಪತ್ರಗಳನ್ನು ಓದುವ ತರಗತಿ ನಡೆಯುವುದು. ನಿವೃತ್ತ ಕಂದಾಯಾಧಿಕಾರಿಯೊಬ್ಬರು ಕಲಿಸಲು ಒಪ್ಪಿದ್ದಾರೆ. ನಾವೂ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತುಕೊಳ್ಳುತ್ತೇವೆ. ಹುಡುಗಿಯರೂ ಬರಬೇಕು. ಬರುವಾಗ ನಿಮ್ಮ ಮನೆಯ ಭೂಮಿಯ ಪತ್ರವನ್ನು ತನ್ನಿರಿ. ಮೂಲಪತ್ರ ಪೆಟ್ಟಿಗೆಯಲ್ಲಿಯೇ ಇರಲಿ, ನಕಲು ಸಾಕು.