ರಕ್ತದ ರಿಪೋರ್ಟು ಮತ್ತು ಪೆಥಾಲಜಿ ಪಾಠ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪೆಥಾಲಜಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ರಕ್ತ ಕೊಟ್ಟು ಬರುವ ಲ್ಯಾಬು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅದು ಎಂಬಿಬಿಎಸ್ ಎರಡನೇ ವರ್ಷದ ದೊಡ್ಡ ವಿಷಯ. ರೋಗ ಏಕೆ ಬರುತ್ತದೆ, ಆಗ ದೇಹದೊಳಗೆ ಏನು ಬದಲಾಗುತ್ತದೆ, ಆ ಬದಲಾವಣೆ ರಕ್ತದಲ್ಲಿ, ಅಂಗಾಂಶದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಅದು ಕಲಿಸುತ್ತದೆ. ಇದನ್ನು ಹೇಗೆ ಕಲಿಸಬೇಕೆಂಬುದು ಕಾಲೇಜಿನ ಒಳಗಿನ ಮಾತು, ನಮಗೇಕೆ ಎಂದು ನಿಮಗೆ ಅನಿಸಬಹುದು. ಅದಕ್ಕೇ ಇವತ್ತು ಒಂದೇ ಒಂದು ಪಾಠವನ್ನು ಎತ್ತಿಕೊಂಡಿದ್ದೇನೆ. ಅದು ರಕ್ತಹೀನತೆಯ ಪಾಠ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತೇವೆ. ಅಂದಮೇಲೆ ಈ ಪಾಠ ನಮ್ಮ ಮನೆಮನೆಯದು.

ಈಗ ಎರಡು ರಿಪೋರ್ಟುಗಳನ್ನು ಊಹಿಸಿಕೊಳ್ಳಿ. ಮೊದಲನೆಯ ಹುಡುಗಿಯ ಹಿಮೋಗ್ಲೋಬಿನ್ 7.8, ಕೆಂಪು ಕಣಗಳ ಎಣಿಕೆ 39 ಲಕ್ಷ, ಕಣದ ಸರಾಸರಿ ಗಾತ್ರ, ಅಂದರೆ ರಿಪೋರ್ಟಿನಲ್ಲಿ ಎಂಸಿವಿ ಎಂದು ಬರೆದಿರುವುದು, 68. ಎರಡನೆಯವಳದು ಹಿಮೋಗ್ಲೋಬಿನ್ 10.8, ಎಣಿಕೆ 56 ಲಕ್ಷ, ಎಂಸಿವಿ 62. ಇಬ್ಬರ ಕಣಗಳೂ ಸಣ್ಣವೇ. ಎಂಸಿವಿ ಸಾಮಾನ್ಯವಾಗಿ 80ರ ಮೇಲೆ ಇರಬೇಕು. ಅವಸರದಲ್ಲಿ ನೋಡಿದರೆ ಇಬ್ಬರಿಗೂ ಕಬ್ಬಿಣದ ಮಾತ್ರೆ ಬರೆದು ಕಳಿಸುತ್ತಾರೆ.

ಆದರೆ ಎರಡನೆಯವಳ ಕಣಗಳು ಸಣ್ಣವಾದರೂ ಸಂಖ್ಯೆಯಲ್ಲಿ ಕಡಿಮೆ ಇಲ್ಲ, ಹೆಚ್ಚೇ ಇವೆ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಎಣಿಕೆಯಿಂದ, ಅಂದರೆ 62ನ್ನು 5.6ರಿಂದ ಭಾಗಿಸಿದರೆ 11 ಬರುತ್ತದೆ. ಮೊದಲನೆಯವಳಿಗೆ 68ನ್ನು 3.9ರಿಂದ ಭಾಗಿಸಿದರೆ 17. ಉತ್ತರ 13ಕ್ಕಿಂತ ಕೆಳಗಿದ್ದರೆ ಥಲಸ್ಸೀಮಿಯಾ ವಾಹಕಿಯೇ ಎಂದು ಅನುಮಾನಿಸಿ ಎಚ್‌ಬಿ ಎ2 ಎಂಬ ಪರೀಕ್ಷೆ ಮಾಡಿಸಬೇಕು. ಇದು ಕಾಯಿಲೆಯ ಸುಳಿವು ಮಾತ್ರ, ತೀರ್ಮಾನವಲ್ಲ. ವಾಹಕಿಗೆ ಸಾಮಾನ್ಯವಾಗಿ ತೊಂದರೆ ಏನೂ ಇರುವುದಿಲ್ಲ. ಆದರೆ ಆಕೆ ಕೈಹಿಡಿಯುವವನೂ ವಾಹಕನಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ನೂರಕ್ಕೆ 25. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡುತ್ತಲೇ ಇರಬೇಕಾಗುತ್ತದೆ. ಸಿಂಧಿ, ಪಂಜಾಬಿ, ಲೋಹಾಣಾ ಕುಟುಂಬಗಳಲ್ಲಿ ವಾಹಕರು ಹೆಚ್ಚು. ಎಲ್ಲ ಸಮುದಾಯದವರೂ ಕೂಡಿ ಬಾಳುವ, ಮದುವೆಯ ಸಂಬಂಧ ಬೆಳೆಸುವ ಈ ಮುಂಬಯಿಯಲ್ಲಿ ಇದು ಯಾರ ಮನೆಗಾದರೂ ಬರಬಹುದಾದ ಮಾತು.

ಹಾಗಾದರೆ ಡಾಕ್ಟರಿಗೆ ಈ ವ್ಯತ್ಯಾಸವನ್ನು ಯಾವಾಗ ಕಲಿಸಬೇಕು? ಎರಡನೇ ವರ್ಷದ ಪೆಥಾಲಜಿ ಪಾಠದಲ್ಲೇ. ಹಳೆಯ ಪದ್ಧತಿಯಲ್ಲಿ ಈ ಪಾಠ ಹೀಗಿತ್ತು: ದೊಡ್ಡ ಹಾಲಿನಲ್ಲಿ ಉಪನ್ಯಾಸ, ರಕ್ತಹೀನತೆಯ ವರ್ಗೀಕರಣದ ಉದ್ದದ ಪಟ್ಟಿ, ಆಮೇಲೆ ಪ್ರಾಕ್ಟಿಕಲ್ಸ್‌ನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಒಂದು ಸ್ಲೈಡು. ಪರೀಕ್ಷೆಯಲ್ಲಿ ‘ರಕ್ತಹೀನತೆಯನ್ನು ವರ್ಗೀಕರಿಸಿ’ ಎಂಬ ಪ್ರಶ್ನೆ. ಪಟ್ಟಿ ಒಪ್ಪಿಸಿದವನಿಗೆ ಅಂಕ ಸಿಗುತ್ತಿತ್ತು. ಆದರೆ ಎರಡು ರಿಪೋರ್ಟು ಕೈಗೆ ಕೊಟ್ಟರೆ ಅವನು ಏನು ಮಾಡುತ್ತಾನೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಪಠ್ಯಕ್ರಮವನ್ನು ಹೆಣೆಯುವಾಗ ಕೊನೆಯಿಂದ ಶುರುಮಾಡಬೇಕು. ಈ ಹುಡುಗ, ಈ ಹುಡುಗಿ ನಾಳೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತಾಗ ಏನು ಮಾಡಬಲ್ಲವರಾಗಿರಬೇಕು? ರಕ್ತಹೀನತೆ ಇದೆ ಎಂದು ಗುರುತಿಸಬೇಕು, ಅದು ಯಾವ ಬಗೆಯದು ಎಂದು ಯೋಚಿಸಬೇಕು, ಮುಂದಿನ ಸರಿಯಾದ ಪರೀಕ್ಷೆಯನ್ನು ಕೇಳಬೇಕು, ಕಾರಣವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಈ ನಾಲ್ಕು ನಿಶ್ಚಯವಾದ ಮೇಲೆ ಪಾಠದಲ್ಲಿ ಏನಿರಬೇಕು, ಏನನ್ನು ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಬಿಡಲೇಬೇಕಾದ ಕಾಲವೂ ಬಂದಿದೆ. 1997ರ ನಿಯಮದಲ್ಲಿ ಪೆಥಾಲಜಿಗೆ ಒಂದೂವರೆ ವರ್ಷದಲ್ಲಿ 300 ಗಂಟೆ ಇತ್ತು. 2019ರಲ್ಲಿ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಆ ಹಂತವೇ ಒಂದು ವರ್ಷಕ್ಕೆ ಇಳಿಯಿತು, ಪೆಥಾಲಜಿಗೆ 230 ಗಂಟೆ ಉಳಿಯಿತು. ಅದರಲ್ಲಿ ಉಪನ್ಯಾಸಕ್ಕೆ 80 ಗಂಟೆ ಮಾತ್ರ ಇತ್ತು. 138 ಗಂಟೆ ಸಣ್ಣ ಗುಂಪುಗಳ ಕಲಿಕೆ ಮತ್ತು ಪ್ರಾಕ್ಟಿಕಲ್ಸ್‌ಗೆ, 12 ಗಂಟೆ ಸ್ವಂತ ಕಲಿಕೆಗೆ ಇತ್ತು. ಸಣ್ಣ ಗುಂಪಿನಲ್ಲಿ ಆ ಎರಡು ರಿಪೋರ್ಟುಗಳನ್ನೂ ಅವರವರ ಸ್ಲೈಡುಗಳನ್ನೂ ಮೇಜಿನ ಮೇಲಿಟ್ಟು ‘ಇವಳಿಗೆ ಏನು ಹೇಳುತ್ತೀರಿ?’ ಎಂದು ಕೇಳಿದರೆ ಸಾಕು, ಮಕ್ಕಳು ತಾವೇ ವಾದಕ್ಕಿಳಿಯುತ್ತಾರೆ. ಕೆಂಪು ಕಣವನ್ನು ಪಕ್ಕದ ಲಿಂಫೋಸೈಟಿನ ನ್ಯೂಕ್ಲಿಯಸ್‌ಗೆ ಹೋಲಿಸಿ ‘ಸಣ್ಣದು’ ಎಂದು ಕಂಡುಕೊಂಡವರು ಅದನ್ನು ಮರೆಯುವುದಿಲ್ಲ. ಪ್ರಸೂತಿ ವಿಭಾಗದ ಅಧ್ಯಾಪಕಿಯೂ ಜೊತೆಗೆ ಕೂತರೆ, ಬಸುರಿ ಹೆಂಗಸಿನ ವಿಚಾರ ಆಗಲೇ ಸೇರಿಕೊಳ್ಳುತ್ತದೆ.

ಆದರೆ ಪಾಠ ಬದಲಾಯಿಸಿ ಪರೀಕ್ಷೆಯನ್ನು ಹಾಗೇ ಬಿಟ್ಟರೆ ಎಲ್ಲವೂ ವ್ಯರ್ಥ. ವಿದ್ಯಾರ್ಥಿಗಳು ಜಾಣರು, ಪರೀಕ್ಷೆಯಲ್ಲಿ ಏನು ಬರುತ್ತದೋ ಅದನ್ನೇ ಓದುತ್ತಾರೆ. ಹಾಗಾಗಿ ಪ್ರಶ್ನೆಯೂ ರಿಪೋರ್ಟಿನ ರೂಪದಲ್ಲೇ ಬರಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಮೇಜಿನ ಹತ್ತಿರ ರಕ್ತದ ಲೇಪ ತಯಾರಿಸುವುದು, ಇನ್ನೊಂದರಲ್ಲಿ ಅದನ್ನು ಓದುವುದು, ಮತ್ತೊಂದರಲ್ಲಿ ರೋಗಿಗೆ ವಿವರಿಸುವುದು, ಎಲ್ಲರಿಗೂ ಒಂದೇ ಅಳತೆಗೋಲು. ಹೀಗೆ ಮಾಡಿದಾಗ ಪರೀಕ್ಷಕರ ಮರ್ಜಿಗೆ ಜಾಗ ಕಡಿಮೆ.

ಫಲಿತಾಂಶ ಬಂದ ಮೇಲೆ ಪಾಠಕ್ಕೂ ಒಂದು ಪರೀಕ್ಷೆ ಇದೆ. ಚೆನ್ನಾಗಿ ಓದುವವರೇ ಒಂದು ಪ್ರಶ್ನೆಯಲ್ಲಿ ಎಡವಿದರೆ, ದೋಷ ಪ್ರಶ್ನೆಯಲ್ಲೋ ಪಾಠದಲ್ಲೋ ಇದೆ ಎಂದು ಹುಡುಕಬೇಕು. ವಿದ್ಯಾರ್ಥಿಗಳ ಅಭಿಪ್ರಾಯ ಕೇಳಬೇಕು. ಎರಡು ವರ್ಷ ಕಳೆದು ಅವರು ಇಂಟರ್ನ್‌ಗಳಾದಾಗ ಮತ್ತೆ ಕೇಳಬೇಕು. ‘ಪಾಠ ಚೆನ್ನಾಗಿತ್ತು ಮೇಡಂ’ ಎನ್ನುವುದಕ್ಕಿಂತ ‘ಲ್ಯಾಬಿಗೆ ಕಳಿಸುವ ಫಾರ್ಮ್ ತುಂಬುವುದು ಗೊತ್ತಾಗಲಿಲ್ಲ’ ಎಂಬ ಮಾತು ಹೆಚ್ಚು ಉಪಯೋಗದ್ದು. ಮುಂದಿನ ವರ್ಷ ಅದೊಂದನ್ನು ಸರಿಮಾಡಬಹುದಲ್ಲ.

ಇದರಿಂದ ಶಾಸ್ತ್ರದ ಆಳ ಹೋಗುತ್ತದೆ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಅದರಲ್ಲಿ ಹುರುಳಿದೆ. ಕಬ್ಬಿಣ ಕಡಿಮೆಯಾದರೆ ಕಣ ಏಕೆ ಸಣ್ಣದಾಗುತ್ತದೆ ಎಂದು ಅರಿಯದವನಿಗೆ 13ರ ಲೆಕ್ಕ ಬರೀ ಗಿಳಿಪಾಠ. ಕಾರಣ ಉಳಿಯಬೇಕು, ಪಟ್ಟಿ ಕರಗಬೇಕು. ಇದೇ ಪರೇಲ್‌ನಲ್ಲಿ, ಮೊದಲು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲೂ 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೂ ದುಡಿದ ಡಾ. ವಿ. ಆರ್. ಖಾನೋಲ್ಕರ್, ಬಾಯಿಯ ಕ್ಯಾನ್ಸರನ್ನು ಜನರ ತಂಬಾಕಿನ ಚಟದ ಜೊತೆ ಇಟ್ಟು ಅಧ್ಯಯನ ಮಾಡಿದವರು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಮನುಷ್ಯರ ಬದುಕಿಗೆ ಜೋಡಿಸಿ ನೋಡುವುದು ನಮಗೆ ಹೊಸದೇನಲ್ಲ.

ನಿಮ್ಮಲ್ಲಿ ಕೆಲವು ವಿನಂತಿ. ‘ರಕ್ತ ಕಡಿಮೆ’ ಎಂದು ಡಾಕ್ಟರು ಹೇಳಿದರೆ ‘ಯಾವ ಬಗೆಯದು, ಕಾರಣವೇನು?’ ಎಂದು ಕೇಳಿ. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿದ್ದರೆ ಜಾತಕದ ಜೊತೆಗೆ ಎಚ್‌ಬಿ ಎ2 ಪರೀಕ್ಷೆಯನ್ನೂ ಮಾಡಿಸಿ; ಮದುವೆ ತಪ್ಪಿಸುವುದಕ್ಕಲ್ಲ, ಮುಂದೆ ಬಸಿರಿನಲ್ಲಿ ಎಚ್ಚರ ವಹಿಸುವುದಕ್ಕೆ. ಆಸ್ಪತ್ರೆಯಲ್ಲಿ ಒಬ್ಬ ವಿದ್ಯಾರ್ಥಿನಿ ಬಂದು ‘ಆಂಟಿ, ನಿಮ್ಮನ್ನು ನಾಲ್ಕು ಪ್ರಶ್ನೆ ಕೇಳಲಾ?’ ಎಂದರೆ, ಆದರೆ ಒಪ್ಪಿಕೊಳ್ಳಿ. ನೀವು ಹೇಳುವುದೂ ಅವಳ ಪಾಠವೇ.

 ರಿಪೋರ್ಟು ತಂದಿರುವವರು ಚಹಾದ ಹೊತ್ತಿನಲ್ಲಿ ತೋರಿಸಿ, ಕೂತು ನೋಡೋಣ.