ಮರೆವಿನ ನಡುವೆ ಒಂದಷ್ಟು ಹೊತ್ತು

ವರ್ಷಗಳಿಂದ ಡಿಮೆನ್ಷಿಯಾ ಇರುವ ಹಿರಿಯರು ಒಂದು ದಿನ ಹಠಾತ್ತನೆ ಮಗನನ್ನು ಹೆಸರು ಹಿಡಿದು ಕರೆದರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಆರುವ ದೀಪ ಜೋರಾಗಿ ಉರಿಯುತ್ತಿದೆ ಎಂದು ಕಾಪುವಿನಿಂದ ಮುಂಬಯಿಗೆ, ಕಾರ್ಕಳದಿಂದ ದುಬೈಗೆ ಫೋನ್ ಹೋಗುತ್ತದೆ; ಗುಣವಾಯಿತೆಂದು ಮಾತ್ರೆ ನಿಲ್ಲಿಸುವವರೂ ಉಂಟು. ಎರಡೂ ಅವಸರದ ತೀರ್ಮಾನಗಳು. ಅಲೆಕ್ಸಾಂಡರ್ ಬಟ್ಯಾನಿ ಮತ್ತು ಬ್ರೂಸ್ ಗ್ರೇಸನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 124 ರೋಗಿಗಳ ವಿವರವಿದೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಹಾಗಾದರೆ ದೀಪದ ಮಾತು ನಿಜವಲ್ಲವೇ ಎಂದು ಕೇಳಬಹುದು. ಆದರೆ ಅವೆಲ್ಲ ಹತ್ತಿರವಿದ್ದವರು ಆಮೇಲೆ ನೆನಪಿಸಿಕೊಂಡು ಹೇಳಿದ ಘಟನೆಗಳು. ಸಾವಿನ ಹೊಸ್ತಿಲಲ್ಲಿ ನಡೆದದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಸುಮ್ಮನೆ ಬಂದು ಹೋದದ್ದು ಮರೆತುಹೋಗುತ್ತದೆ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಂತೂ ಬುದ್ಧಿಯ ಚುರುಕು ದಿನದಿಂದ ದಿನಕ್ಕೆ ಏರಿಳಿಯುವುದೇ ಕಾಯಿಲೆಯ ಲಕ್ಷಣ.

ಈ ಘಟನೆಗಳಿಂದ ನಾವು ಕಲಿಯಬೇಕಾದದ್ದು ಬೇರೊಂದಿದೆ. ಸತ್ತ ನರಕೋಶ ಅರ್ಧ ಗಂಟೆಗೆಂದು ಎದ್ದು ಬರುವುದಿಲ್ಲ. ಆ ಹೊತ್ತಿನಲ್ಲಿ ಹೊರಬಂದ ಹೆಸರು, ಆ ಮಮತೆ ಅಷ್ಟು ದಿನವೂ ಒಳಗೆಲ್ಲೋ ಇದ್ದಿರಲೇಬೇಕು. ಹಾಗಾದರೆ ಉಳಿದ ದಿನ ಮಾಡಿದ್ದೆಲ್ಲ ನಾಟಕವೇ ಎಂದು ಆರೈಕೆ ಮಾಡಿ ದಣಿದವರು ಕೇಳಿದರೆ ತಪ್ಪಿಲ್ಲ. ಖಂಡಿತ ನಾಟಕವಲ್ಲ. ನೆನಪು ಉಳಿದಿರುವುದು ಬೇರೆ, ಬೇಕೆಂದಾಗ ಅದನ್ನು ಹೊರತೆಗೆಯುವ ಶಕ್ತಿ ಬೇರೆ. ಕಾಯಿಲೆ ಆ ಶಕ್ತಿಯನ್ನೂ ಕಸಿಯುತ್ತದೆ. ಆದ್ದರಿಂದ "ಇವರಿಗೇನೂ ತಿಳಿಯುವುದಿಲ್ಲ" ಎಂದು ಹಿರಿಯರ ಎದುರೇ ಹೇಳುವುದನ್ನು, ಯಾರು ನೋಡಿಕೊಳ್ಳಬೇಕೆಂದು ಮಂಚದ ಪಕ್ಕದಲ್ಲೇ ಜಗಳವಾಡುವುದನ್ನು ನಾವು ನಿಲ್ಲಿಸಲೇಬೇಕು.

ಕಾನೂನಿಗೂ ಇದು ಹೊಸದಲ್ಲ. 1872ರ ಭಾರತೀಯ ಕರಾರು ಕಾಯಿದೆಯ 12ನೇ ಕಲಮು ತಿಳಿವು ಮರಳುವ ಇಂಥ ಹೊತ್ತನ್ನು ಎಂದೋ ಗುರುತಿಸಿದೆ. ಸಾಮಾನ್ಯವಾಗಿ ಬುದ್ಧಿ ಸ್ವಾಧೀನದಲ್ಲಿಲ್ಲದವರೂ ಅದು ಸ್ವಾಧೀನದಲ್ಲಿರುವಾಗ ಕರಾರು ಮಾಡಬಹುದು. ಇದನ್ನು ಕೇಳಿ ಆಸ್ತಿಪತ್ರ ಹಿಡಿದು ಓಡುವವರಿದ್ದಾರೆಂಬ ಭಯ ನನಗೂ ಇದೆ. ಆದರೆ ವ್ಯವಹಾರವನ್ನು ಅರ್ಥಮಾಡಿಕೊಂಡು, ಅದರಿಂದ ತನಗೇನಾಗುತ್ತದೆಂದು ವಿವೇಚಿಸುವ ಶಕ್ತಿ ಇರಬೇಕೆಂದೂ ಅದೇ ಕಲಮು ಹೇಳುತ್ತದೆ. ಮಗನ ಗುರುತು ಹಿಡಿದ ಮಾತ್ರಕ್ಕೆ ಆ ಶಕ್ತಿ ಬಂತೆಂದು ತಿಳಿದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಅದರ ಬದಲು, ತುಳುವೋ ಕೊಂಕಣಿಯೋ, ಹಿರಿಯರ ಮನೆಮಾತಿನಲ್ಲೇ ಎಲ್ಲಿ ನೋವಿದೆ, ಯಾರನ್ನು ನೋಡಬೇಕೆನಿಸುತ್ತದೆ ಎಂದು ಕೇಳೋಣ. ಮುಂದಿನ ಸಲ ಉಡುಪಿಗೋ ಮಣಿಪಾಲಕ್ಕೋ ತೋರಿಸಲು ಹೋದಾಗ, ಹೀಗಾದದ್ದು ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಜ್ವರವಿತ್ತೇ, ಮಾತ್ರೆ ಬದಲಾಗಿತ್ತೇ ಎಂಬುದನ್ನು ವೈದ್ಯರಿಗೆ ಹೇಳೋಣ. ಮೂತ್ರದ ಸೋಂಕು, ಮೈಯಲ್ಲಿ ನೀರಿನ ಕೊರತೆ, ಕೆಲವು ಮಾತ್ರೆಗಳು ಗೊಂದಲವನ್ನು ಹೆಚ್ಚಿಸುತ್ತವೆ. ಅವು ಸರಿಹೋದಾಗ ತಿಳಿವು ಸ್ವಲ್ಪ ಮಟ್ಟಿಗೆ ಮರಳುವುದೂ ಉಂಟು.